ಸಂಪು ತುಂಬಿತ್ತು, ನಲ್ಲಿ ಒಣಗಿತ್ತು: ಮಂಡ್ಯದ ಒಂದು ಮನೆಯ ಪ್ರಕರಣ

ಮೇ ತಿಂಗಳ ಒಂದು ಶನಿವಾರ. ನಾನು ಮೈಸೂರಿನಿಂದ ಮಂಡ್ಯದ ಅಂಚಿನಲ್ಲಿರುವ ಅಕ್ಕನ ಮನೆಗೆ ಬಂದು ಎರಡು ದಿನವಾಗಿತ್ತು. ಸಂಜೆ ನಾಲ್ಕೂವರೆಗೆ ಮೋಡ ಕಟ್ಟಿತು. ಐದಕ್ಕೆ ಗಾಳಿ ಎದ್ದಿತು. ಐದೂಕಾಲಿಗೆ ಬೀದಿ ಕೊನೆಯ ತೆಂಗಿನ ಮರ ಕರೆಂಟಿನ ತಂತಿ ಮೇಲೆ ಬಿತ್ತು, ಎರಡು ಕಂಬ ಮುರಿದವು. ಮಳೆ ಅರ್ಧ ಗಂಟೆಯಲ್ಲಿ ನಿಂತುಹೋಯಿತು. ಕರೆಂಟು ವಾಪಸ್ ಬಂದಿದ್ದು ಮಂಗಳವಾರ ಮಧ್ಯಾಹ್ನ.

ಮೂರು ರಾತ್ರಿ, ಅಷ್ಟೇ. ಯಾರಿಗೂ ಪೆಟ್ಟಾಗಲಿಲ್ಲ, ಮನೆ ಬೀಳಲಿಲ್ಲ. ಆದರೂ ಇದನ್ನು ಪೂರ್ತಿಯಾಗಿ ಬರೆದಿಡುತ್ತಿದ್ದೇನೆ. ಯಾಕೆ ಅಂದರೆ ಆ ಮನೆಯಲ್ಲಿ ಯಾವುದಕ್ಕೂ ಕೊರತೆ ಇರಲಿಲ್ಲ. ಸಂಪಿನಲ್ಲಿ 6,000 ಲೀಟರ್ ನೀರಿತ್ತು. ಅಟ್ಟದ ಮೇಲೆ 50 ಕೆಜಿ ರಾಗಿ ಮೂಟೆ ಇತ್ತು. ಇನ್ವರ್ಟರ್ ಇತ್ತು, ಎರಡು ಸಿಲಿಂಡರ್ ಇತ್ತು. ಅಷ್ಟೆಲ್ಲ ಇದ್ದೂ ಭಾನುವಾರ ಬೆಳಗ್ಗೆ ಮುಖ ತೊಳೆಯಲು ನೀರಿಲ್ಲ, ಮಧ್ಯಾಹ್ನ ಮುದ್ದೆಗೆ ಹಿಟ್ಟಿಲ್ಲ.

ಮನೆ

30-40ರ ಸೈಟು. ಕೆಳಗೆ ವಾಸ, ಮೇಲೆ ಖಾಲಿ ತಾರಸಿ. ಹಿಂದೆ 8 ಅಡಿ ಅಗಲ, 28 ಅಡಿ ಉದ್ದದ ಹಿತ್ತಲು. ಆಗ ಆ ಹಿತ್ತಲಿಗೆಲ್ಲ ಸಿಮೆಂಟು ಬಳಿಸಿ, ಮೇಲೆ ನಾಲ್ಕು ಕ್ರೋಟನ್ ಕುಂಡ ಇಟ್ಟಿದ್ದರು. ಇರುವವರು ಐದು ಜನ: ಅಕ್ಕ, ಭಾವ, ಭಾವನ ಅವ್ವ, ಎಂಟನೇ ಕ್ಲಾಸಿನ ಮಗಳು, ಐದನೇ ಕ್ಲಾಸಿನ ಮಗ. ಭಾವನ ಅವ್ವನನ್ನು ನಾನೂ ಅತ್ತೆ ಅಂತಲೇ ಕರೆಯುವುದು. ಪಾಂಡವಪುರದ ಕಡೆ ಹಳ್ಳಿಯಲ್ಲಿ ಹುಟ್ಟಿ ಬೆಳೆದವರು. ಅವರಿಗೆ ಸಕ್ಕರೆ ಕಾಯಿಲೆ, ದಿನಕ್ಕೆ ಎರಡು ಹೊತ್ತು ಇನ್ಸುಲಿನ್ ಬೇಕು.

ಮೂರು ರಾತ್ರಿ

ಮೊದಲ ರಾತ್ರಿ ಯಾರಿಗೂ ಗಾಬರಿ ಇರಲಿಲ್ಲ. ಇನ್ವರ್ಟರ್ ಇದೆಯಲ್ಲ ಅಂತ ಎರಡು ಫ್ಯಾನು, ಟೀವಿ, ಲೈಟು, ಜೊತೆಗೆ ಫ್ರಿಜ್ಜು, ಎಲ್ಲ ಓಡಿಸಿದರು. ಹತ್ತು ಗಂಟೆಗೆ ಇನ್ವರ್ಟರ್ ಕೂಗಲು ಶುರುಮಾಡಿತು, ಸ್ವಲ್ಪ ಹೊತ್ತಿಗೆ ಸುಮ್ಮನಾಯಿತು. ಲೆಕ್ಕ ಸುಲಭ. 12 ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಹೆಸರಿಗೆ 1,800 ವ್ಯಾಟ್-ಅವರ್ ಇರುತ್ತದೆ. ಕೈಗೆ ಸಿಗುವುದು ಅದರ ಮೂರರಲ್ಲಿ ಎರಡು ಪಾಲು. 300-350 ವ್ಯಾಟ್ ಎಳೆದರೆ ನಾಲ್ಕು ಗಂಟೆಗೆ ಮುಗಿಯಿತು. ಅದೇ ಬ್ಯಾಟರಿಯಲ್ಲಿ 30 ವ್ಯಾಟಿನ ಒಂದು ಹೊಸ ಮಾದರಿ ಫ್ಯಾನು, 9 ವ್ಯಾಟಿನ ಎರಡು ಬಲ್ಬು ಮಾತ್ರ ಹಾಕಿದ್ದರೆ ಒಂದು ಇಡೀ ಹಗಲು, ಒಂದು ಇಡೀ ರಾತ್ರಿ ಬರುತ್ತಿತ್ತು.

ಭಾನುವಾರ ಬೆಳಗ್ಗೆ ನಲ್ಲಿ ತಿರುಗಿಸಿದರೆ ಬರೀ ಗಾಳಿ. ಆ ಮನೆಯಲ್ಲಿ ದಿನಾ ಸಂಜೆ ಆರಕ್ಕೆ ಮೋಟರ್ ಹಾಕುವುದು ರೂಢಿ. ಶನಿವಾರ ಐದೂಕಾಲಿಗೇ ಕರೆಂಟು ಹೋಗಿತ್ತು. ಅಂದರೆ ಇಡೀ ದಿನದಲ್ಲಿ ಟ್ಯಾಂಕು ಅತಿ ಖಾಲಿ ಇರುವ ಹೊತ್ತಿಗೆ ಸರಿಯಾಗಿ. ಭಾವ ಸಂಪಿನ ಮುಚ್ಚಳ ತೆಗೆದರು, ಬಟ್ಟೆ ಒಣಹಾಕುವ ನೈಲಾನ್ ಹಗ್ಗ ಬಿಚ್ಚಿ ಸ್ಟೀಲ್ ಬಿಂದಿಗೆಗೆ ಕಟ್ಟಿ ಇಳಿಸಿದರು. ಮೂರು ಸಲ ಸರಿಯಾಗಿ ಬಂತು. ನಾಲ್ಕನೇ ಸಲ ಗಂಟು ಜಾರಿತು. ಬಿಂದಿಗೆ ಗುಳುಗುಳು ಅಂತ ತಳ ಸೇರಿತು.

ಹುಡುಗ ಆಗಲೇ ಅಂಗಿ ಬಿಚ್ಚಿದ್ದ. "ಅಪ್ಪಾ, ನಾನು ಇಳಿದು ಎತ್ಕೊಡ್ಲಾ?" ಅಂತ ಸಂಪಿನ ಬಾಯಿಗೆ ಕಾಲು ಇಳಿಬಿಟ್ಟು ಕೂತ.

ಅತ್ತೆ ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. "ಎದ್ದೇಳ್ಲಾ ಮ್ಯಾಕೆ! ಬಿಂದಿಗೆ ಹೋದ್ರೆ ಹೋಗ್ಲಿ!"

ಆಮೇಲೆ ಜಗಲಿ ಮೇಲೆ ಕೂತು ಅವರು ಹಗೇವಿನ ವಿಷಯ ಹೇಳಿದರು. ಅವರ ತವರಿನಲ್ಲಿ ರಾಗಿ ತುಂಬಿಡಲು ನೆಲದೊಳಗೆ ಹಗೇವು ಇತ್ತು. ಗಟ್ಟಿ ಮಣ್ಣಿನಲ್ಲಿ ಗುಡಾಣದ ಹಾಗೆ ಕೊರೆದ ಗುಂಡಿ, ಸಣ್ಣ ಬಾಯಿ, ಮೇಲೆ ಚಪ್ಪಡಿ, ಅದರ ಮೇಲೆ ಮಣ್ಣು. ರಾಗಿಗೆ ಹುಳ ಹಿಡಿಯುವುದು ಕಡಿಮೆ. ಒಳಗೆ ತೇವ ಹೋಗದಿದ್ದರೆ ವರ್ಷಗಟ್ಟಲೆ ಕೆಡುವುದಿಲ್ಲ. ಬರಗಾಲಕ್ಕೆ ಅಂತಲೇ ತುಂಬಿಡುತ್ತಿದ್ದರು. ಆದರೆ ಬಾಯಿ ತೆಗೆದ ಕೂಡಲೇ ಯಾರೂ ಇಳಿಯುವ ಹಾಗಿರಲಿಲ್ಲ. ಒಂದು ದಿನ ಗಾಳಿ ಆಡಲು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ, ದೀಪ ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. "ಆತುರಕ್ಕೆ ಇಳಿದೋರು ಹಂಗೇ ಹೋಗ್ಬುಟ್ರು ಕಣಪ್ಪ" ಅಂದರು.

ಕಾರಣ ಇಷ್ಟೇ. ಕಾಳು ಉಸಿರಾಡುತ್ತದೆ. ಮುಚ್ಚಿದ ಗುಂಡಿಯಲ್ಲಿ ಆಮ್ಲಜನಕ ಖರ್ಚಾಗಿ, ಇಂಗಾಲದ ಡೈಆಕ್ಸೈಡ್ ತಳದಲ್ಲಿ ತುಂಬಿಕೊಳ್ಳುತ್ತದೆ. ಮುಚ್ಚಿದ ಸಂಪು, ಹಳೇ ಬಾವಿ, ಗುಂಡಿ ಯಾವುದೇ ಆಗಲಿ ಇದೇ ಭಯ ಇದೆ. ದೀಪದ ಪರೀಕ್ಷೆಯನ್ನು ಇವತ್ತು ನಂಬಿಕೊಳ್ಳಬೇಡಿ. ಅದು ಆಮ್ಲಜನಕ ಕಡಿಮೆ ಇದೆ ಅಂತ ಹೇಳಬಹುದು, ಬೇರೆ ವಿಷಗಾಳಿ ಇದೆಯೋ ಇಲ್ಲವೋ ಹೇಳುವುದಿಲ್ಲ. ಉರಿಯುವ ಗಾಳಿ ಇದ್ದರೆ ದೀಪವೇ ಅಪಾಯ. ಸಂಪಿಗೆ ಮನೆಯವರು ಇಳಿಯಲೇಬಾರದು. ಬಿಂದಿಗೆ ಬಿದ್ದರೆ ಉದ್ದ ಕೋಲಿಗೆ ಕೊಕ್ಕೆ ಕಟ್ಟಿ ಎತ್ತಿದರಾಯಿತು. ನಾವು ಹಾಗೇ ಎತ್ತಿದೆವು.

ಮಧ್ಯಾಹ್ನ ಹಿಟ್ಟಿನ ಡಬ್ಬ ನೋಡಿದರೆ ತಳದಲ್ಲಿ ಎರಡು ಹಿಡಿ. ಸೋಮವಾರ ಮಿಷನ್ನಿಗೆ ಹಾಕಿಸೋಣ ಅಂತ ಅಕ್ಕ ಅಂದುಕೊಂಡಿದ್ದಳು. ಮಿಷನ್ನಿಗೂ ಕರೆಂಟೇ ಬೇಕು ಅಲ್ವಾ? ಅಕ್ಕಿ ಇತ್ತು, ಊಟಕ್ಕೇನೂ ತೊಂದರೆ ಆಗಲಿಲ್ಲ. ಆದರೆ ಅತ್ತೆಗೆ ಸಕ್ಕರೆ ಕಾಯಿಲೆ ಇರುವುದರಿಂದ ಅವರ ಊಟ ಅಳತೆಯದು. ಡಾಕ್ಟರು ಹೇಳಿದ ಪ್ರಕಾರ ಮಧ್ಯಾಹ್ನ ಒಂದು ಸಣ್ಣ ಮುದ್ದೆ, ಸೊಪ್ಪಿನ ಸಾರು. ಮೂರು ಹೊತ್ತೂ ಬಿಳಿ ಅನ್ನ ಉಂಡರೆ ಸಕ್ಕರೆ ಏರುತ್ತದೆ.

ಆಗ ಅತ್ತೆಗೆ ತುಳಸಿ ಕುಂಡದ ಕೆಳಗಿನ ಕಲ್ಲು ನೆನಪಾಯಿತು. ಅದು ರಾಗಿಕಲ್ಲು, ಬೀಸುವ ಕಲ್ಲಿನ ಜೋಡಿ. ಮನೆ ಕಟ್ಟಿಸಿದಾಗ ಎಸೆಯಲು ಮನಸ್ಸಾಗದೆ ಕುಂಡಕ್ಕೆ ಪೀಠ ಮಾಡಿದ್ದರು. ನಾನೂ ಭಾವನೂ ಎತ್ತಿ ತೊಳೆದೆವು. ಹಿಡಿಗೂಟ ಕೊಳೆತುಹೋಗಿತ್ತು. ಅತ್ತೆ ಸೀಬೆ ಗಿಡದ ಒಂದು ಕೊಂಬೆ ತರಿಸಿ, ಕುಡುಗೋಲಿನಿಂದ ಕೆತ್ತಿ, ಸುತ್ತ ಬಟ್ಟೆ ಸುತ್ತಿ ತೂತಿಗೆ ಹೊಡೆದರು. ಕಲ್ಲಿನ ಮೈ ಸವೆದು ನುಣ್ಣಗಾಗಿತ್ತು. ಮೊದಲ ಸುತ್ತಿಗೆ ರಾಗಿ ಒಡೆಯಿತೇ ಹೊರತು ಹಿಟ್ಟಾಗಲಿಲ್ಲ. ಜರಡಿ ಹಿಡಿದು, ಉಳಿದ ತರಿಯನ್ನು ಮತ್ತೆ ಹಾಕಿ ಬೀಸಬೇಕಾಯಿತು. ಎಡಗೈಯಲ್ಲಿ ಒಂದೊಂದು ಹಿಡಿ ಬಾಯಿಗೆ ಸುರಿಯುವುದು, ಬಲಗೈಯಲ್ಲಿ ತಿರುಗಿಸುವುದು. ಒಂದು ಸೇರು ರಾಗಿಗೆ ನಾವು ಮೂವರು ಸರದಿಯಲ್ಲಿ ಕೂತು ಒಂದೂವರೆ ಗಂಟೆ ತಗೊಂಡೆವು. ನನ್ನ ಅಂಗೈಯಲ್ಲಿ ಎರಡು ಬೊಬ್ಬೆ ಎದ್ದವು. ಹಿಂದೆ ಹೆಂಗಸರು ಕೋಳಿ ಕೂಗುವ ಮುಂಚೆ ಎದ್ದು ದಿನಾ ಇದನ್ನು ಮಾಡುತ್ತಿದ್ದರಲ್ಲ ಅಂತ ಅಕ್ಕ ಬಹಳ ಹೊತ್ತು ಸುಮ್ಮನೆ ಕೂತಿದ್ದಳು.

ಇನ್ಸುಲಿನ್‌ ವಿಷಯದಲ್ಲಿ ನಿಜಕ್ಕೂ ಹೆದರಿದೆವು. ಫ್ರಿಜ್ಜಿನಲ್ಲಿ ಒಡೆಯದ ಎರಡು ಸೀಸೆ, ಬಳಸುತ್ತಿದ್ದ ಒಂದು ಸೀಸೆ ಇತ್ತು. ಬಾಗಿಲು ತೆಗೆಯದೆ ಬಿಟ್ಟರೆ ಫ್ರಿಜ್ಜು ಸುಮಾರು ನಾಲ್ಕು ಗಂಟೆ ತಂಪು ಹಿಡಿಯುತ್ತದೆ. ತಂಪಿದೆಯಾ ಅಂತ ನಾವು ಪದೇ ಪದೇ ತೆಗೆದು ನೋಡಿ ಇದ್ದ ತಂಪನ್ನೂ ಕಳೆದಿದ್ದೆವು. ಒಡೆಯದ ಸೀಸೆಗಳನ್ನು ಊರಿನ ಇನ್ನೊಂದು ಬದಿಯಲ್ಲಿ ಕರೆಂಟಿದ್ದ ಮೆಡಿಕಲ್ ಸ್ಟೋರಿನ ಫ್ರಿಜ್ಜಿನಲ್ಲಿ ಇಡಿಸಿದೆವು. ಬಳಸುತ್ತಿದ್ದ ಸೀಸೆಗೆ ಅತ್ತೆಯೇ ದಾರಿ ತೋರಿಸಿದರು. ದೊಡ್ಡ ಮಡಕೆಯೊಳಗೆ ಸಣ್ಣ ಕುಡಿಕೆ, ನಡುವೆ ಒದ್ದೆ ಮರಳು, ಬಾಯಿಗೆ ಒದ್ದೆ ಬಟ್ಟೆ. ಸೀಸೆಗೆ ನೀರು ತಾಗದಂತೆ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಒಳಗಿಟ್ಟೆವು. ಮಡಕೆ ಬೆವರಿ ನೀರು ಆರುವಾಗ ಒಳಗಿನ ಬಿಸಿ ಎಳೆದುಕೊಳ್ಳುತ್ತದೆ. ಒಣ ಹವೆಯಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಮಳೆಗಾಲದ ತೇವದಲ್ಲಿ ಅಷ್ಟಾಗಿ ಇಲ್ಲ. ಬಳಸಲು ಶುರುಮಾಡಿದ ಇನ್ಸುಲಿನ್ ಸಾಮಾನ್ಯವಾಗಿ 30 ಡಿಗ್ರಿ ಒಳಗೆ ಸುಮಾರು 28 ದಿನ ಇರುತ್ತದೆ. ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ವ್ಯತ್ಯಾಸ ಇರುತ್ತದೆ, ಪೆಟ್ಟಿಗೆಯೊಳಗಿನ ಚೀಟಿ ಓದಿ, ಡಾಕ್ಟರನ್ನು ಕೇಳಿ. ಐಸಿಗೆ ತಾಗಿಸಿ ಮಾತ್ರ ಇಡಬೇಡಿ. ಒಂದು ಸಲ ಹೆಪ್ಪುಗಟ್ಟಿದ ಇನ್ಸುಲಿನ್ ಕೆಟ್ಟಿತು ಅಂತಲೇ ಲೆಕ್ಕ.

ಉಳಿದ ಕಷ್ಟ ಸಣ್ಣವು. ಭಾನುವಾರ ರಾತ್ರಿಗೆ ಮೊಬೈಲಿನ ಸಿಗ್ನಲ್ಲೂ ಹೋಯಿತು. ಫೋನಿನಲ್ಲಿ ದುಡ್ಡು ಕಳಿಸಲಾಗದೆ ಎದುರು ಅಂಗಡಿಯಲ್ಲಿ ಮೇಣದ ಬತ್ತಿ ಸಾಲ ತಂದೆವು.

ಒಂದೇ ತಂತಿ

ಬುಧವಾರ ಸಂಜೆ ಮಗಳ ನೋಟುಬುಕ್ಕು ಇಟ್ಟುಕೊಂಡು ಎಲ್ಲರೂ ಕೂತೆವು. ಎಡಗಡೆ ಮನೆಯಲ್ಲಿ ಏನೇನಿದೆ ಅಂತ ಬರೆದಳು, ಬಲಗಡೆ ಅದನ್ನು ಬಳಸಲು ಏನು ಬೇಕು ಅಂತ. ನೀರಿಗೆ ಮೋಟರ್, ಮೋಟರಿಗೆ ಕರೆಂಟು. ರಾಗಿಗೆ ಮಿಷನ್ನು, ಮಿಷನ್ನಿಗೆ ಕರೆಂಟು. ಔಷಧಿಗೆ ಫ್ರಿಜ್ಜು, ದುಡ್ಡಿಗೆ ಫೋನು, ಫೋನಿಗೆ ಚಾರ್ಜು, ಟವರು. ಪುಟ ಮುಗಿಯುವಷ್ಟರಲ್ಲಿ ಬಲಗಡೆಯ ಸಾಲೆಲ್ಲ ಒಂದೇ ಪದ. ಸಿಲಿಂಡರ್ ಒಂದು ಬಿಟ್ಟು ಇಡೀ ಮನೆ ಆ ತೆಂಗಿನ ಮರ ಬಿದ್ದ ತಂತಿಗೆ ನೇತುಬಿದ್ದಿತ್ತು.

ಈ ಪ್ರಕರಣದಲ್ಲಿ ನಾನು ಹೇಳಬೇಕು ಅಂತ ಇರುವುದು ಇದನ್ನೇ. ಕಷ್ಟಕಾಲಕ್ಕೆ ಸಿದ್ಧತೆ ಅಂದರೆ ಜನ ಜಾಸ್ತಿ ಜಾಸ್ತಿ ಕೊಂಡು ಇಡುತ್ತಾರೆ. ಈ ಮನೆಯಲ್ಲಿ ಕೊಳ್ಳಬೇಕಾದದ್ದು ಬಹಳ ಕಡಿಮೆ ಇತ್ತು. ಇರುವುದನ್ನು ತಂತಿ ಇಲ್ಲದೆ ಕೈಗೆ ತರುವ ದಾರಿ ಇರಲಿಲ್ಲ.

ನೀರನ್ನೇ ನೋಡಿ. ನಿರಾಶ್ರಿತರ ಶಿಬಿರಗಳಿಗೆ ಅಂತ ಅಂತರರಾಷ್ಟ್ರೀಯ ಮಟ್ಟದಲ್ಲಿ ಇಟ್ಟುಕೊಂಡಿರುವ ಕನಿಷ್ಠ ಅಳತೆ ಒಬ್ಬರಿಗೆ ದಿನಕ್ಕೆ 15 ಲೀಟರ್. ಐದು ಜನಕ್ಕೆ 75 ಲೀಟರ್. 6,000 ಲೀಟರ್ ಸಂಪು ಅಂದರೆ 80 ದಿನದ ನೀರು! ಅದರ ಮೇಲೆ ನಿಂತುಕೊಂಡು ನಾವು ನೀರಿಲ್ಲ ಅಂತ ಅಂದೆವು. ಈಗ ಸಂಪಿನ ಮುಚ್ಚಳದ ಪಕ್ಕ ಒಂದು ಕೈಪಂಪು ಕೂರಿಸಿದ್ದಾರೆ. ಡ್ರಮ್ಮಿನಿಂದ ಎಣ್ಣೆ ಎತ್ತಲು ಬಳಸುತ್ತಾರಲ್ಲ, ಆ ಥರದ್ದು, ನೀರಿಗೆಂದೇ ಹೊಸದಾಗಿ ತಂದದ್ದು. ಮುಚ್ಚಳಕ್ಕೆ ಬೀಗ ಹಾಕಿದ್ದಾರೆ.

ಕುಡಿಯಲು, ಅಡುಗೆಗೆ ಅಂತ ಒಬ್ಬರಿಗೆ ದಿನಕ್ಕೆ 4 ಲೀಟರ್ ಲೆಕ್ಕದಲ್ಲಿ ಏಳು ದಿನಕ್ಕೆ 140 ಲೀಟರ್ ಬೇಕು. 20 ಲೀಟರಿನ ಏಳು ಕ್ಯಾನು ಅಡುಗೆಮನೆ ಮೂಲೆಯಲ್ಲಿವೆ. ಪ್ರತಿ ಶನಿವಾರ ಹಳೆಯದನ್ನು ಗಿಡಕ್ಕೆ ಸುರಿದು ಹೊಸದು ತುಂಬುವುದು ಮಗನ ಕೆಲಸ. ನೀರಿನ ಮೇಲೆ ಅನುಮಾನ ಬಂದರೆ ಕುದಿ ಬಂದ ಮೇಲೆ ಒಂದು ನಿಮಿಷ ಹಾಗೇ ಕುದಿಯಲು ಬಿಟ್ಟು ಕುಡಿಯುತ್ತಾರೆ.

ಮೋಟರಿನ ಹೊತ್ತು ಸಂಜೆಯಿಂದ ಬೆಳಗ್ಗೆಗೆ ಬದಲಾಯಿತು. ಮೇ ತಿಂಗಳ ಗಾಳಿ-ಮಳೆ ಇಲ್ಲಿ ಸಾಮಾನ್ಯವಾಗಿ ಸಂಜೆ ಹೊತ್ತಿಗೇ ಬರುವುದು, ಅಷ್ಟರಲ್ಲಿ ಟ್ಯಾಂಕು ತೀರಾ ಖಾಲಿಯಾಗಿರುವುದಿಲ್ಲ. ಅಕ್ಕ ಇದರಿಂದಲೇ ಇಡೀ ಮನೆಗೆ ಒಂದು ಕಟ್ಟಳೆ ಮಾಡಿದಳು: ಮುಗಿದ ಮೇಲಲ್ಲ, ಅರ್ಧಕ್ಕೆ ತುಂಬು. ಹಿಟ್ಟಿನ ಡಬ್ಬ ಅರ್ಧ ಆದರೆ ಮಿಷನ್ನಿಗೆ. ಅತ್ತೆಯ ಮಾತ್ರೆ ಅರ್ಧ ಆದರೆ ಮೆಡಿಕಲ್ ಸ್ಟೋರಿಗೆ. ಒಂದು ಸಿಲಿಂಡರ್ ಖಾಲಿ ಆದ ದಿನವೇ ಬುಕ್ಕಿಂಗು. ರಾಗಿಯನ್ನು ಕಾಳಾಗಿ ಇಟ್ಟರೆ ವರ್ಷಗಟ್ಟಲೆ ಇರುತ್ತದೆ. ಹಿಟ್ಟು ಒಂದೆರಡು ತಿಂಗಳಲ್ಲಿ ಮುಗ್ಗಲು ವಾಸನೆ ಬರುತ್ತದೆ. ಹಾಗಾಗಿ ಮೂಟೆ ದೊಡ್ಡದು, ಡಬ್ಬ ಸಣ್ಣದು. ಡಬ್ಬದಲ್ಲಿ ಯಾವತ್ತೂ 5 ಕೆಜಿಗಿಂತ ಕಡಿಮೆ ಇರಬಾರದು.

ಬಾಗಿಲ ಹಿಂದೆ ದಪ್ಪ ಅಕ್ಷರದಲ್ಲಿ ನಂಬರು ಬರೆದು ಅಂಟಿಸಿದ್ದಾರೆ: ತುರ್ತು ಸಹಾಯಕ್ಕೆ 112, ಆಂಬುಲೆನ್ಸಿಗೆ 108, ಗ್ಯಾಸ್ ಸೋರಿದರೆ 1906, ಕರೆಂಟಿನ ದೂರಿಗೆ 1912. ಪಕ್ಕದ ಮೊಳೆಗೆ ಟಾರ್ಚು. ಪಹಣಿ, ಆಧಾರ್, ರೇಷನ್ ಕಾರ್ಡಿನ ಜೆರಾಕ್ಸು ಮತ್ತು ಸ್ವಲ್ಪ ಚಿಲ್ಲರೆ ನೋಟು ಒಂದು ಪ್ಲಾಸ್ಟಿಕ್ ಕವರಿನಲ್ಲಿ.

ಹಿತ್ತಲು

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆ ಮೂರು ದಿನದ ಕಷ್ಟಕ್ಕೂ ಕೈತೋಟಕ್ಕೂ ಸಂಬಂಧ ಕಡಿಮೆ. ಸೋಮವಾರ ಮಾರ್ಕೆಟ್ಟಿನಲ್ಲಿ ತರಕಾರಿ ಸಿಗುತ್ತಿತ್ತು. ಕೈತೋಟ ಬೇಕಾಗುವುದು ಮೂರು ತಿಂಗಳ ಕಷ್ಟಕ್ಕೆ. 2020ರ ಮಾರ್ಚ್ 25ರಿಂದ ಲಾಕ್‌ಡೌನ್ ಆದಾಗ ಭಾವನಿಗೆ ಎರಡು ತಿಂಗಳು ಸಂಬಳ ಬರಲಿಲ್ಲ. ರಾಗಿ, ಅಕ್ಕಿ, ಬೇಳೆ ಇತ್ತು. ಸೊಪ್ಪಿಗೆ, ಕಾಯಿಪಲ್ಯಕ್ಕೆ ಕೈಯಲ್ಲಿ ಕಾಸಿರಲಿಲ್ಲ. ಅದನ್ನು ಅಕ್ಕ ಮರೆತಿರಲಿಲ್ಲ. ನೋಟುಬುಕ್ಕಿನ ಎರಡನೇ ಪುಟದಲ್ಲಿ ಅವಳೇ "ಹಿತ್ತಲು" ಅಂತ ಬರೆಸಿದಳು. ಮುಂದಿನ ತಿಂಗಳು ಸಿಮೆಂಟು ಒಡೆಸಿದರು.

ಹೊಟ್ಟೆ ತುಂಬುವ ಲೆಕ್ಕವನ್ನೂ ಇಲ್ಲೇ ಹೇಳುತ್ತೇನೆ. 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ ಇದೆ. ಅಷ್ಟೇ ತೂಕದ ದಂಟಿನ ಸೊಪ್ಪಿನಲ್ಲಿ 30ರ ಆಸುಪಾಸು. 220 ಚದರ ಅಡಿಯಲ್ಲಿ ಐದು ಜನರ ಹೊಟ್ಟೆ ತುಂಬುವುದಿಲ್ಲ, ಆ ಆಸೆ ಇಟ್ಟುಕೊಳ್ಳಬಾರದು. ಹೊಟ್ಟೆಗೆ ಮೂಟೆಯೇ ಗತಿ. ಒಬ್ಬರಿಗೆ ದಿನಕ್ಕೆ 400 ಗ್ರಾಂ ಕಾಳು-ಧಾನ್ಯ ಅಂದರೆ ಐದು ಜನಕ್ಕೆ ಮೂರು ವಾರಕ್ಕೆ 42 ಕೆಜಿ. ಹಿತ್ತಲು ಕೊಡುವುದು ಮುದ್ದೆಯ ಜೊತೆಗಿನ ಸಾರನ್ನು. ಆದರೆ ಸಾರಿಲ್ಲದ ಮುದ್ದೆ ಎಷ್ಟು ದಿನ ಇಳಿಯುತ್ತದೆ? ಎ ಜೀವಸತ್ವ, ಸಿ ಜೀವಸತ್ವ ಮುಖ್ಯವಾಗಿ ಬರುವುದು ಆ ಸೊಪ್ಪಿನಿಂದಲೇ, ಕಬ್ಬಿಣದ ಅಂಶವೂ ಅದರಲ್ಲಿದೆ.

ಮೊದಲ ವರ್ಷ ತಪ್ಪಾಯಿತು. ಅಕ್ಕ ನರ್ಸರಿಯಿಂದ ಟೊಮೆಟೊ, ಹೂಕೋಸು, ದಪ್ಪ ಮೆಣಸಿನಕಾಯಿ ಸಸಿ ತಂದಳು. ಟೊಮೆಟೊಗೆ ಬಿಳಿನೊಣ ಬಿದ್ದು ಎಲೆ ಮುದುಡಿತು. ಹೂಕೋಸು ಆ ಸೆಕೆಗೆ ಹೂವೇ ಕಟ್ಟಲಿಲ್ಲ. ಅಷ್ಟು ದುಡ್ಡು, ಅಷ್ಟು ನೀರು, ಕೊನೆಗೆ ಮೂರು ಕೆಜಿ ಟೊಮೆಟೊ. ಅವಳು ಅತ್ತೇಬಿಟ್ಟಳು. ಅತ್ತೆ ಅಂದರು, "ತಾನಾಗಿ ಬರೋದನ್ನ ಮೊದಲು ಬೆಳಿ ಕಣವ್ವ, ಓಲೈಸ್ಬೇಕಾದ್ದು ಆಮೇಲೆ ನೋಡ್ಕಂಡ್ರಾಯ್ತು."

ಎರಡನೇ ವರ್ಷದ ಪಟ್ಟಿ ಅತ್ತೆಯದು. ಬಚ್ಚಲ ನೀರು ಹೋಗುವ ಕಡೆ ಎರಡು ಬಾಳೆ. ನಲ್ಲಿಯ ಕೆಳಗಿನ ತೇವದಲ್ಲಿ ಒಂದೆಲಗ. ಬೇಲಿಗೆ ಬಸಳೆ, ಕಡ್ಡಿ ಚುಚ್ಚಿದರೆ ಬರುತ್ತದೆ, ಕಿತ್ತಷ್ಟೂ ಚಿಗುರುತ್ತದೆ. ಮೂಲೆಯಲ್ಲಿ ಕರಿಬೇವು, ಪಪ್ಪಾಯಿ. ದೊಡ್ಡಪತ್ರೆ ಒಂದು ಕುಂಡದಲ್ಲಿ. ಆಗಸ್ಟಿನಲ್ಲಿ ಗೋಡೆ ಪಕ್ಕ ಅವರೆ ಊರಿದರೆ ಚಳಿಗಾಲಕ್ಕೆ ಸೊಗಡಿನ ಕಾಯಿ. ದಂಟು, ಹರಿವೆ ಹದಿನೈದು ದಿನಕ್ಕೊಮ್ಮೆ ಒಂದು ಸಾಲು ಚೆಲ್ಲುವುದು, ಒಟ್ಟಿಗೆ ಅಲ್ಲ. ನುಗ್ಗೆಯ ಒಂದು ಗೂಟ ನೆಟ್ಟರು, ತಂತಿಯಿಂದ ದೂರ. ನುಗ್ಗೆ ಮರ ಗಾಳಿಗೆ ಬೇಗ ಮುರಿಯುತ್ತದೆ, ಅದಕ್ಕೇ ಎದೆಮಟ್ಟಕ್ಕೆ ಸವರಿ ಪೊದೆ ಮಾಡಿದ್ದಾರೆ. ಸೊಪ್ಪು ಕೈಗೆಟುಕುತ್ತದೆ. ಮಳೆಗಾಲದಲ್ಲಿ ಕಂಬಳಿಹುಳು ಕೂತರೆ ಕಣ್ಣಿಗೂ ಬೀಳುತ್ತದೆ.

ಆದರೆ ನನಗೆ ಅತಿ ಹೆಚ್ಚು ಇಷ್ಟವಾದದ್ದು ಅತ್ತೆ ನೆಡದೆ ಬಿಟ್ಟ ಜಾಗ. ಹಿತ್ತಲಿನ ಕೊನೆಯಲ್ಲಿ ಆರಡಿ ಜಾಗವನ್ನು ಅವರು ಯಾರಿಗೂ ಕಳೆ ಕೀಳಲು ಬಿಡುವುದಿಲ್ಲ. ಮೊದಲ ಮಳೆ ಬಿದ್ದು ಎರಡು ಮೂರು ವಾರಕ್ಕೆ ಅಲ್ಲಿ ಅಣ್ಣೆ ಸೊಪ್ಪು, ಕೀರೆ, ಗೋಣಿ ಸೊಪ್ಪು, ಹೊನಗೊನೆ, ಗಣಿಕೆ ತಾವೇ ಏಳುತ್ತವೆ. ಎಲ್ಲ ಸೇರಿಸಿ ಒಂದು ಮಡಿಲು ಕಿತ್ತರೆ ಅದೇ ಬೆರಕೆ ಸೊಪ್ಪು. ಮಂಡ್ಯದ ಹಳ್ಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪೇಟೆಯಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಗುರುತೇ ಇಲ್ಲ. ಅತ್ತೆ ಮೊಮ್ಮಗಳಿಗೆ ಒಂದೊಂದೇ ಎಲೆ ಹಿಡಿದು, ಮೂಸಿಸಿ, ಕಾಂಡ ಮುರಿದು ತೋರಿಸುತ್ತಾರೆ. ಗೊತ್ತಿಲ್ಲದ ಎಲೆ ಬುಟ್ಟಿಗೆ ಬೀಳುವ ಹಾಗಿಲ್ಲ. ಗಣಿಕೆಯ ಹಸಿರು ಕಾಯಿ ತಿನ್ನುವ ಹಾಗಿಲ್ಲ. ಸೋರೆ, ಹೀರೆ ಕಹಿ ಬಂದರೆ ಒಂದು ಹೋಳೂ ನುಂಗುವ ಹಾಗಿಲ್ಲ. ಆ ಕಹಿ ವಿಷ, ಬೇಯಿಸಿದರೂ ಹೋಗುವುದಿಲ್ಲ.

ಬೆರಕೆ ಸೊಪ್ಪಿನ ಉಪ್ಸಾರು ಕಷ್ಟಕಾಲದ ಊಟಕ್ಕೆ ಹೇಳಿಮಾಡಿಸಿದ್ದು. ಒಂದು ಹಿಡಿ ಕಾಳು ಬೇಯಲು ಹಾಕಿ, ಮೇಲೆ ಸೊಪ್ಪು, ಉಪ್ಪು. ಬೆಂದ ಮೇಲೆ ನೀರು ಬಸಿದರೆ ಅದೇ ಸಾರು, ಉಳಿದದ್ದೇ ಪಲ್ಯ. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆಹಣ್ಣು ಅರೆದ ಖಾರ ಪಕ್ಕಕ್ಕೆ. ಒಂದೇ ಪಾತ್ರೆ, ಒಂದೇ ಒಲೆ, ಮಿಕ್ಸಿ ಬೇಡ, ಫ್ರಿಜ್ಜು ಬೇಡ, ತೊಟ್ಟು ನೀರೂ ಚೆಲ್ಲುವುದಿಲ್ಲ.

2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು. ಕನ್ನಂಬಾಡಿ ಕಟ್ಟೆ (ಕೆಆರ್‌ಎಸ್) ಪೂರ್ತಿ ತುಂಬುವ ಮಟ್ಟವಾದ 124.80 ಅಡಿ ಮುಟ್ಟಲಿಲ್ಲ. ಅದರ ಬೆನ್ನಿಗೆ ಬಂದ 2024ರ ಬೇಸಿಗೆಯಲ್ಲಿ ಅಕ್ಕನ ಬೀದಿಗೆ ನಲ್ಲಿ ನೀರು ಬರುವುದು ತೀರಾ ಕಡಿಮೆಯಾಯಿತು. ಹಿತ್ತಲನ್ನು ಉಳಿಸಿದ್ದು ಎರಡು. ಒಂದು ಬಚ್ಚಲ ನೀರು. ಸೋಪು ಕಡಿಮೆ ಮಾಡಿ ಬಾಳೆಗೆ, ಪಪ್ಪಾಯಿಗೆ, ನುಗ್ಗೆ ಬುಡಕ್ಕೆ ಬಿಟ್ಟರು, ಸೊಪ್ಪಿನ ಮಡಿಗೆ ಬಿಡಲಿಲ್ಲ. ಇನ್ನೊಂದು ಕಬ್ಬಿನ ತರಗು. ಊರ ಸುತ್ತ ಕಬ್ಬು ಕಡಿದ ಮೇಲೆ ಗದ್ದೆಯಲ್ಲೇ ತರಗಿಗೆ ಬೆಂಕಿ ಇಡುತ್ತಾರೆ. ಭಾವ ಗೆಳೆಯರ ಗದ್ದೆಯಿಂದ ಬೈಕಿನ ಮೇಲೆ ಆರು ಚೀಲ ತಂದು ನಾಲ್ಕು ಬೆರಳು ದಪ್ಪ ಹೊದಿಸಿದರು. ದಿನಾ ಕೇಳುತ್ತಿದ್ದ ನೀರನ್ನು ಮಡಿ ಮೂರು ದಿನಕ್ಕೊಮ್ಮೆ ಕೇಳಿತು. ಏಪ್ರಿಲ್ ಉರಿಬಿಸಿಲಿನಲ್ಲಿ ನಾನೇ ತರಗು ಸರಿಸಿ ಬೆರಳಿಟ್ಟು ನೋಡಿದೆ. ಮೇಲೆ ಕೈ ಸುಡುವಷ್ಟು ಬಿಸಿ, ಕೆಳಗೆ ಮಣ್ಣು ತಣ್ಣಗೆ, ಒದ್ದೆ. ಒಂದು ಎರೆಹುಳು ಇತ್ತು. ಅದನ್ನು ನೋಡಿ ಆದ ಖುಷಿಯನ್ನು ಹೇಗೆ ಬರೆಯಲಿ?

ಆಮೇಲೆ ತಾರಸಿಯ ಮಳೆನೀರನ್ನೂ ಹಿಡಿಯಲು ಶುರುಮಾಡಿದರು. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಅವರ ತಾರಸಿ ಸುಮಾರು 56 ಚದರ ಮೀಟರ್. 20 ಮಿಲಿಮೀಟರಿನ ಒಂದು ಹದ ಮಳೆಗೆ 1,100 ಲೀಟರ್ ಬೀಳುತ್ತದೆ. ಮೊದಲ ಕೊಳಕು ನೀರು ಬಿಟ್ಟು, ಚೆಲ್ಲಿದ್ದು ಕಳೆದು 900 ಸಿಗುತ್ತದೆ. ಸದ್ಯಕ್ಕೆ 200 ಲೀಟರಿನ ಎರಡು ಡ್ರಮ್ಮು ಮಾತ್ರ ಇವೆ, ಉಳಿದದ್ದು ಚರಂಡಿಗೆ ಹೋಗುತ್ತಿದೆ. ಅದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಡ್ರಮ್ಮಿನ ಬಾಯಿಗೆ ಸೊಳ್ಳೆ ಪರದೆ ಬಿಗಿದಿದ್ದಾರೆ, ಇಲ್ಲದಿದ್ದರೆ ಡೆಂಗಿ ಸಾಕಿದ ಹಾಗೆ.

ಬೀಜ ಎಲ್ಲ ನಾಟಿ. ಹೈಬ್ರಿಡ್ಡಿನ ಬೀಜ ಎತ್ತಿಟ್ಟರೆ ಮುಂದಿನ ಸಲ ಅದೇ ಗುಣ ಬರುವುದಿಲ್ಲ. ಒಣಗಿಸಿ, ಬೂದಿ ಬೆರೆಸಿ ಬಾಟಲಿಯಲ್ಲಿ ಇಡುತ್ತಾರೆ. ಅರ್ಧ ತಮ್ಮ ಮನೆಯಲ್ಲಿ, ಅರ್ಧ ಪಕ್ಕದ ಮನೆಯಲ್ಲಿ. ಒಂದು ಕಡೆ ಹೋದರೆ ಇನ್ನೊಂದು ಕಡೆ ಇರುತ್ತದೆ.

ಮೇನ್ ಸ್ವಿಚ್ಚು ಆಫ್

ವರ್ಷಕ್ಕೆ ಎರಡು ಸಲ, ಏಪ್ರಿಲ್ ಮತ್ತು ಅಕ್ಟೋಬರಿನ ಮೊದಲ ಭಾನುವಾರ ಬೆಳಗ್ಗೆ ಆರಕ್ಕೆ ಅಕ್ಕ ಮೇನ್ ಸ್ವಿಚ್ಚು ಇಳಿಸುತ್ತಾಳೆ. ಮತ್ತೆ ಏರಿಸುವುದು ಮರುದಿನ ಆರಕ್ಕೆ. ಮೊದಲ ಸಲ ಕೈಪಂಪಿನ ವಾಷರ್ ಒಣಗಿ ನೀರೇ ಎಳೆಯಲಿಲ್ಲ. ಟಾರ್ಚಿನೊಳಗೆ ಸೆಲ್ಲು ಸೋರಿ ಹಸಿರು ಕಟ್ಟಿತ್ತು. ಸಿಲಿಂಡರಿನ ನಾಬು ಯಾವ ಕಡೆ ತಿರುಗಿಸಿದರೆ ಆಫ್ ಅಂತ ಮಕ್ಕಳಿಬ್ಬರಿಗೂ ಗೊತ್ತಿರಲಿಲ್ಲ. ಈ ಮೂರೂ ನಿಜವಾದ ಗಾಳಿ-ಮಳೆಯ ರಾತ್ರಿ ಗೊತ್ತಾಗಿದ್ದರೆ ಏನು ಗತಿ? ಈಗ ವಾಷರಿನ ಇನ್ನೊಂದು ಜೊತೆ ಪಂಪಿನ ಪಕ್ಕವೇ ನೇತಾಡುತ್ತದೆ. ಸೆಲ್ಲನ್ನು ಟಾರ್ಚಿನಿಂದ ಹೊರಗೆ ತೆಗೆದು ಇಡುತ್ತಾರೆ.

ಆಮೇಲೆ ಒಂದು ಮೇ ತಿಂಗಳಲ್ಲಿ ಮತ್ತೆ ಕರೆಂಟು ಹೋಯಿತು, ಸುಮಾರು 30 ಗಂಟೆ. ನಾನು ಮೈಸೂರಿನಿಂದ ಫೋನ್ ಮಾಡಿದರೆ ಅಕ್ಕ, "ಊಟ ಆಯ್ತು, ಉಪ್ಸಾರು. ಆಮೇಲೆ ಮಾಡ್ತೀನಿ, ಚಾರ್ಜು ಉಳಿಸ್ಬೇಕು" ಅಂತ ಇಟ್ಟೇಬಿಟ್ಟಳು. ಆ ದಿನ ಪಕ್ಕದ ನಾಲ್ಕು ಮನೆಯವರು ಬಿಂದಿಗೆ ಹಿಡಿದು ಅವರ ಕೈಪಂಪಿನ ಮುಂದೆ ಸಾಲು ನಿಂತಿದ್ದರಂತೆ. ಬೀದಿ ಕೊನೆಯಲ್ಲಿ ವಯಸ್ಸಾದ ಗಂಡ ಹೆಂಡತಿ ಇಬ್ಬರೇ ಇದ್ದಾರೆ. ಅವರ ಮನೆಗೆ ಹುಡುಗ ಎರಡು ಕ್ಯಾನು ಹೊತ್ತುಕೊಟ್ಟು ಬಂದ.

ಬಾಕಿ ಇನ್ನೂ ಇದೆ. ಮಳೆನೀರಿಗೆ ದೊಡ್ಡ ಟ್ಯಾಂಕು ಆಗಿಲ್ಲ. ಬೀದಿಯ ಇನ್ನೊಂದು ತೆಂಗಿನ ಮರ ತಂತಿ ಕಡೆಗೇ ವಾಲಿದೆ. ಸವರಿಸಿ ಅಂತ ಅರ್ಜಿ ಕೊಟ್ಟಿದ್ದಾರೆ, ಮಗಳು ಅದರ ತಾರೀಕನ್ನು ನೋಟುಬುಕ್ಕಿನಲ್ಲಿ ಬರೆದಿದ್ದಾಳೆ. ಬರುವ ಅಕ್ಟೋಬರಿನಲ್ಲಿ ಐದು ಮನೆಯವರು ಒಟ್ಟಿಗೆ ಮೇನ್ ಸ್ವಿಚ್ಚು ಇಳಿಸುವುದು ಅಂತ ಮಾತಾಗಿದೆ. ಅದಕ್ಕೆ ಮುಂಚೆ ರಾಗಿಕಲ್ಲಿನ ಮೈಗೆ ಉಳಿಯಿಂದ ಹೊಸದಾಗಿ ಕುಟ್ಟಿಸಬೇಕು ಅಂತ ಅತ್ತೆಯ ಹಟ. ಕಲ್ಲು ಕುಟ್ಟುವವರು ಊರಿನಲ್ಲಿ ಒಬ್ಬರೇ ಉಳಿದಿದ್ದಾರೆ. ಮುಂದಿನ ವಾರ ಬರುತ್ತೇನೆ ಅಂದಿದ್ದಾರಂತೆ.